ಬಾಯಿಬಿಟ್ಟು ಹೇಳಲಾಗದ ಹುಡುಗ, ಎರಡು ಸಭೆಗಳು

ಒಂದು ಕ್ರೈಸ್ತ ಸಭೆ ಬಿಟ್ಟು ಇನ್ನೊಂದಕ್ಕೆ ಹೋದವರು ಆಪ್ತಸಲಹೆಗೆ ಬಂದಾಗ ಮೊದಲು ತೆಗೆಯುವುದು ಬೋಧನೆಯ ಮಾತು. ಅಲ್ಲಿ ವಾಕ್ಯ ಬಿಡಿಸಿ ಹೇಳುತ್ತಾರೆ, ಇಲ್ಲಿ ಬರೀ ಆಚರಣೆ. ಅಲ್ಲಿ ಪವಿತ್ರಾತ್ಮರ ಕೆಲಸ ಕಾಣುತ್ತದೆ, ಇಲ್ಲಿ ಇಲ್ಲ. ಒಂದು ಗಂಟೆ ಕೂತು ಕೇಳಿದರೆ ಬುಡದಲ್ಲಿ ಬೇರೆಯೇ ಸಿಗುತ್ತದೆ. ಮನೆಯಲ್ಲಿ ಸಾವಾದಾಗ ಯಾರೂ ಬರಲಿಲ್ಲ. ಮಗಳ ಮದುವೆಗೆ ಪತ್ರ ಕೊಡಲು ಅಲೆಸಿದರು. ಹಬ್ಬದ ದಿನ ತೋಟದ ಲೈನ್ ಮನೆಯ ಕಾರ್ಮಿಕರನ್ನು ಹಿಂದಕ್ಕೆ ನಿಲ್ಲಿಸಿದರು. ಕೊಡಗಿನ ಸಿದ್ದಾಪುರ, ಸುಂಟಿಕೊಪ್ಪ, ಗೋಣಿಕೊಪ್ಪದ ಕಡೆಯಿಂದ ಬರುವ ಕುಟುಂಬಗಳಲ್ಲಿ ಇನ್ನೊಂದು ಕಾರಣ ಮತ್ತೆ ಮತ್ತೆ ಕಾಣುತ್ತಿದೆ: ವಿಶೇಷ ಅಗತ್ಯದ ಮಗುವಿಗೆ ದೇವಾಲಯದಲ್ಲಿ ಜಾಗ ಇರಲಿಲ್ಲ. ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕೇ. ಕುಟುಂಬದ ಒಪ್ಪಿಗೆ ಇದೆ. ಗುರುತು ಸಿಗುವ ವಿವರಗಳನ್ನು ಬದಲಿಸಲಾಗಿದೆ.

ತಂದೆ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವರು), ಹುಟ್ಟಿನಿಂದ ಪ್ರೊಟೆಸ್ಟಂಟರ ದಕ್ಷಿಣ ಭಾರತ ಸಭೆಯವರು (ಸಿ.ಎಸ್.ಐ.). ತಾಯಿ ವಿರಾಜಪೇಟೆ ಕಡೆಯ ಕಥೋಲಿಕರು. ಬಿಷಪರ ಅನುಮತಿ ಪಡೆದು ಕಥೋಲಿಕ ದೇವಾಲಯದಲ್ಲೇ ಮದುವೆ ಆಗಿತ್ತು, ಮಕ್ಕಳಿಬ್ಬರಿಗೂ ಅಲ್ಲೇ ದೀಕ್ಷಾಸ್ನಾನ. ದೊಡ್ಡ ಮಗನಿಗೆ ಹದಿಮೂರು ವರ್ಷ. ಆಟಿಸಂ ಇದೆ, ಮಾತು ಇಲ್ಲ ಎನ್ನುವಷ್ಟು ಕಮ್ಮಿ, ಜೊತೆಗೆ ಮೂರ್ಛೆರೋಗ. ಓರಗೆಯ ಮಕ್ಕಳು ಮೊದಲ ಪರಮಪ್ರಸಾದ (ಪೂಜೆಯಲ್ಲಿ ಕ್ರಿಸ್ತನ ಶರೀರವೆಂದು ಪಡೆಯುವ ರೊಟ್ಟಿ) ಪಡೆದ ವರ್ಷ ಇವನನ್ನು ಬಿಟ್ಟರು. 'ಜಪಗಳು ಬಾಯಿಗೆ ಬರಲಿ, ಮುಂದಿನ ವರ್ಷ ನೋಡೋಣ' ಎಂಬ ಮಾತು ವರ್ಷ ವರ್ಷವೂ ಬಂತು. ಪೂಜೆಯಲ್ಲಿ ಅವನು ಜೋರಾಗಿ ಗುಂಯ್‌ಗುಡುತ್ತಾನೆ. ಮನೆಯವರು ಮೊದಲು ಹಿಂದಿನ ಬೆಂಚಿಗೆ ಹೋದರು, ಆಮೇಲೆ ಜಗಲಿಗೆ, ಆಮೇಲೆ ತಾಯಿ ಒಬ್ಬರೇ ಬರತೊಡಗಿದರು. ಕೊನೆಗೆ ಎಲ್ಲರೂ ಹತ್ತಿರದ ಪಟ್ಟಣದ ಪೆಂತೆಕೋಸ್ತು ಪ್ರಾರ್ಥನಾ ಮಂದಿರವೊಂದಕ್ಕೆ ಹೋಗತೊಡಗಿದರು. ಕಾಫಿ ಕೊಯ್ಲು ಮುಗಿದ ಮೇಲೆ ಗಂಡ ಹೆಂಡತಿ ಇಬ್ಬರೂ ಮುಳುಗು ದೀಕ್ಷಾಸ್ನಾನ ತೆಗೆದುಕೊಳ್ಳಬೇಕೆಂದು ಅಲ್ಲಿ ಮಾತಾಗಿತ್ತು. ತಂದೆ ಸಿದ್ಧ, ತಾಯಿಗೆ ಮನಸ್ಸಿಲ್ಲ. ಈ ಜಗಳವೇ ಅವರನ್ನು ಆಪ್ತಸಲಹೆಗೆ ತಂದದ್ದು.

ಮೊದಲ ಭೇಟಿಯಲ್ಲೇ ಸಭೆಯ ವಿಷಯ ಬದಿಗಿಟ್ಟು ಮಾತ್ರೆಯ ವಿಷಯ ಹಿಡಿಯಬೇಕಾಯಿತು. ಗುಣವಾಗಲೆಂದು ಕೈಯಿಟ್ಟು ಪ್ರಾರ್ಥಿಸಿದ ಮೇಲೆ ಮೂರ್ಛೆ ತಡೆಯುವ ರಾತ್ರಿಯ ವಾಲ್ಪ್ರೋಯೇಟ್ ಮಾತ್ರೆಯನ್ನು ಮನೆಯವರೇ ನಿಲ್ಲಿಸಿದ್ದರು. ಪಾಸ್ಟರ್ ನಿಲ್ಲಿಸಿ ಎಂದಿರಲಿಲ್ಲ. ಪಕ್ಕದಲ್ಲಿ ಕೂರುವ ವಿಶ್ವಾಸಿಯೊಬ್ಬರು 'ನಂಬಿಕೆ ಇದ್ದವರಿಗೆ ಮಾತ್ರೆ ಯಾಕೆ' ಎಂದಿದ್ದರು. ಮೂರ್ಛೆಯ ಮಾತ್ರೆಯನ್ನು ತಟ್ಟನೆ ಬಿಟ್ಟರೆ ರೋಗ ಮೊದಲಿನ ಸ್ಥಿತಿಗೆ ಮರಳುವುದಷ್ಟೇ ಅಲ್ಲ, ಒಂದರ ಹಿಂದೊಂದು ನಿಲ್ಲದ ಮೂರ್ಛೆ ಬಂದು ಜೀವಕ್ಕೇ ಅಪಾಯವಾಗಬಹುದು. ಕಮ್ಮಿ ಮಾಡುವುದಿದ್ದರೂ ವೈದ್ಯರು ವಾರಗಟ್ಟಲೆ, ತಿಂಗಳುಗಟ್ಟಲೆ ಹಂತಹಂತವಾಗಿ ಮಾಡುತ್ತಾರೆ. ನಿದ್ದೆಗೆಟ್ಟರೂ ಮೂರ್ಛೆ ಕೆರಳುತ್ತದೆ. ಹೊತ್ತಿಗೆ ಊಟ ಮಾತ್ರೆ ತಪ್ಪಿದರೂ ಅಷ್ಟೇ. ಇಡೀ ರಾತ್ರಿಯ ಪ್ರಾರ್ಥನೆ, ಉಪವಾಸದ ಕೂಟ ಎರಡಕ್ಕೂ ಈ ಹುಡುಗನನ್ನು ಕರೆದೊಯ್ಯುತ್ತಿದ್ದರು. ಅವತ್ತೇ ವೈದ್ಯರಿಗೆ ಫೋನ್ ಮಾಡಿಸಿ, ಬಿಟ್ಟ ಮಾತ್ರೆಯನ್ನು ಹೇಗೆ ಮತ್ತೆ ಶುರು ಮಾಡಬೇಕೆಂದು ಅವರಿಂದಲೇ ಹೇಳಿಸಿ, ಮರುದಿನ ಮಡಿಕೇರಿಗೆ ಕಳಿಸಿದ್ದಾಯಿತು. ಮನೆಯವರಿಗೆ ಬರೆದುಕೊಟ್ಟದ್ದು ಇಷ್ಟು: ಮೂರ್ಛೆ ಬಂದರೆ ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ತುರುಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ, ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ. ತೋಟದಿಂದ ಆಸ್ಪತ್ರೆ ದೂರ, ಜೀಪು ಯಾರದ್ದು, ಚಾಲಕನ ನಂಬರ್ ಯಾವುದು ಎಂದು ಗೋಡೆಗೆ ಅಂಟಿಸಿಡಿ.

ಇಷ್ಟನ್ನು ಒಪ್ಪುವವರೆಗೆ ಸಭೆ, ಸ್ನಾನ, ನಂಬಿಕೆಯ ಯಾವ ಚರ್ಚೆಯನ್ನೂ ನಾನು ಎತ್ತಿಕೊಳ್ಳುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳಿದೆ. ಪ್ರಾರ್ಥನೆಯನ್ನು ಬಿಡಿ ಎನ್ನಲಿಲ್ಲ. ಮಾತ್ರೆ ಕೊಟ್ಟು ಪ್ರಾರ್ಥಿಸಿ ಎಂದೆ.

ದಾರಿ ತಿರುಗಿದ್ದು ಮುಂದಿನ ಒಂದು ಭೇಟಿಯಲ್ಲಿ. ಪ್ರಾರ್ಥನಾ ಮಂದಿರದಲ್ಲಿ ನಿಮಗೆ ಏನು ಸಿಕ್ಕಿತು ಎಂದು ತಂದೆಯನ್ನು ಕೇಳಿದಾಗ ಅವರು ಬೋಧನೆಯ ಸುದ್ದಿಯನ್ನೇ ಎತ್ತಲಿಲ್ಲ.

'ಅಲ್ಲಿ ಎಲ್ಲರೂ ಜೋರಾಗಿ ಪ್ರಾರ್ಥನೆ ಮಾಡ್ತಾರೆ, ಚಪ್ಪಾಳೆ ತಟ್ತಾರೆ, ಅಳ್ತಾರೆ. ನನ್ನ ಮಗ ಕೂಗಿದ್ರೂ ಯಾರಿಗೂ ಗೊತ್ತಾಗಲ್ಲ. ಇಲ್ಲಿ ಅವನು ಉಸಿರು ಬಿಟ್ರೂ ಮೂರು ಬೆಂಚಿನವರು ತಿರುಗಿ ನೋಡ್ತಾರೆ.'

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಸೇರಿಸಿದರು. 'ಪರಮಪ್ರಸಾದದ ಹೊತ್ತಿಗೆ ಬೆಂಚೆಲ್ಲ ಖಾಲಿ ಆಗ್ತದೆ. ನಾನು ಸಿ.ಎಸ್.ಐ., ನನಗಿಲ್ಲ. ಬುದ್ಧಿ ಇಲ್ಲ ಅಂತ ಅವನಿಗೂ ಇಲ್ಲ. ನಾವಿಬ್ಬರೇ ಕೂತಿರ್ತೇವೆ.'

ಹೆಂಡತಿ ಅಷ್ಟು ವರ್ಷ ಆ ಸಾಲಿನಲ್ಲಿ ನಡೆದು ಹೋಗಿ ಬಂದವರು. ಹಿಂದೆ ಉಳಿದ ಇಬ್ಬರ ಕಡೆಯಿಂದ ಅದು ಹೇಗೆ ಕಾಣುತ್ತಿತ್ತೆಂದು ಅವರು ಕೇಳಿದ್ದು ಆಗಲೇ. ಅವರು ಅಳಲಿಲ್ಲ, ವಾದಿಸಲೂ ಇಲ್ಲ. ಗಂಡನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದರು.

'ಅಲ್ಲಿ ಇವನಿಗೆ ಸ್ನಾನ ಕೊಡ್ತಾರಾ? ಬಾಯಿಬಿಟ್ಟು ವಿಶ್ವಾಸ ಹೇಳ್ಬೇಕಂತಲ್ಲ?'

ತಂದೆ ಇದನ್ನು ಕೇಳಿಯೇ ಇರಲಿಲ್ಲ. ಪೆಂತೆಕೋಸ್ತು ಸಭೆಗಳಲ್ಲಿ ಹಸುಗೂಸಿನ ದೀಕ್ಷಾಸ್ನಾನವನ್ನು ಎಣಿಕೆಗೆ ಹಿಡಿಯುವುದಿಲ್ಲ. ತಿಳಿವಳಿಕೆ ಬಂದವನು ತಾನಾಗಿ ಕ್ರಿಸ್ತನನ್ನು ಒಪ್ಪಿ, ಅದನ್ನು ಸಭೆಯ ಮುಂದೆ ಹೇಳಿ, ನೀರಿನಲ್ಲಿ ಪೂರ್ತಿ ಮುಳುಗಿ ಏಳಬೇಕು. ಕರ್ತನ ಮೇಜಿನ ರೊಟ್ಟಿ ಅನೇಕ ಕಡೆ ಆ ಮೇಲೆಯೇ. ಅಪ್ಪ ಅಮ್ಮ ಇಬ್ಬರೂ ಮುಳುಗಿ ಎದ್ದ ಮೇಲೆ ಮೇಜಿನ ಆಚೆ ಉಳಿಯುವವನು ಆ ಹುಡುಗ ಒಬ್ಬನೇ ಆಗಬಹುದು. ಯಾವ ಅಳತೆಗೋಲು ಅವನನ್ನು ಹೊರಗಿಟ್ಟಿತೆಂದು ಇವರು ಕಥೋಲಿಕ ಸಭೆಯನ್ನು ಬಿಟ್ಟಿದ್ದರೋ ಅದೇ ಅಳತೆಗೋಲು ಅಲ್ಲಿಯೂ ಇತ್ತು. ಸದ್ದಿನ ನಡುವೆ ಕಾಣುತ್ತಿರಲಿಲ್ಲ, ಅಷ್ಟೆ.

ಆ ದಿನ ಕೊಟ್ಟ ಸಲಹೆ: ಸದ್ಯ ಮುಳುಗು ಸ್ನಾನದ ತಾರೀಕು ಇಟ್ಟುಕೊಳ್ಳಬೇಡಿ. ಎರಡೂ ಕಡೆ ಹೋಗಿ ಒಂದೇ ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರೆದುಕೊಂಡು ಬನ್ನಿ. ನಮ್ಮ ಮಗನಿಗೆ ನಿಮ್ಮಲ್ಲಿ ದೀಕ್ಷಾಸ್ನಾನ ಮತ್ತು ರೊಟ್ಟಿ ಉಂಟೇ, ಯಾವ ಷರತ್ತಿಗೆ? ಅವನು ಸದ್ದು ಮಾಡಿದರೆ ಯಾರು ಏನು ಮಾಡುತ್ತಾರೆ? ಮಾತ್ರೆ ಮುಂದುವರಿಸಿದರೆ ನಿಮ್ಮ ತಕರಾರು ಇದೆಯೇ? ಅವನು ಗುಣವಾಗದೆ ಹೀಗೇ ಉಳಿದರೂ ಅವನು ನಿಮ್ಮವನೇ?

ಈ ಸಲಹೆಗೆ ಎರಡೂ ಕಡೆಯಿಂದ ಆಕ್ಷೇಪ ಬರುತ್ತದೆ. ಕೆಲವು ಕಥೋಲಿಕರು 'ಇನ್ನೊಂದು ಸಭೆಗೆ ಹೋಗಿ ವಿಚಾರಿಸಿ ಅಂತ ನೀವೇ ಕಳಿಸಿದಿರಲ್ಲ' ಎನ್ನುತ್ತಾರೆ. ಪ್ರಾರ್ಥನಾ ಮಂದಿರದವರು 'ರಕ್ಷಣೆಗೆ ಹೊರಟವನನ್ನು ತಡೆದಿರಿ' ಎನ್ನುತ್ತಾರೆ. ಸಭೆ ಬದಲಿಸುವುದು ಕೊಡಗಿಗೆ ಹೊಸದಲ್ಲ. ವಿರಾಜಪೇಟೆಯ ಸಂತ ಅನ್ನಮ್ಮನ ದೇವಾಲಯ 1792ರದು, ಅಲ್ಲಿನ ಮೊದಲಿಗರು ಟಿಪ್ಪುವಿನ ಕಾಲದಲ್ಲಿ ಓಡಿಬಂದ ಕೊಂಕಣಿ ಕಥೋಲಿಕರು. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಬಂದು ಆನಂದಪುರದಲ್ಲಿ ನೆಲೆ ಕಟ್ಟಿದಾಗ ಅಲ್ಲಿಗೆ ಬಂದವರು ಜಮ್ಮದ (ವಂಶಪಾರಂಪರ್ಯ ಹಿಡುವಳಿಯ) ಗದ್ದೆಗಳಲ್ಲಿ ಜೀತ ಮಾಡುತ್ತಿದ್ದ ಹೊಲೆಯರು. ಬೇರೆಲ್ಲೂ ಸಿಗದ ಜಾಗ ಅವರಿಗೆ ಅಲ್ಲಿ ಸಿಕ್ಕಿತು. ಮಡಿಕೇರಿ ಕೋಟೆಯೊಳಗೆ ಇಂಗ್ಲಿಷರು ಕಟ್ಟಿದ ಸಂತ ಮಾರ್ಕನ ಚರ್ಚು ಇವತ್ತು ಸರ್ಕಾರಿ ವಸ್ತುಸಂಗ್ರಹಾಲಯ. 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥಡಿಸ್ಟ್ ಮೊದಲಾದ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ಆಯಿತು; ಬಾಸೆಲ್ ಮಿಷನ್ನಿನ ಸಭೆಗಳೂ ಮುಂದೆ ಅದರಲ್ಲಿ ಸೇರಿದವು. ಈ ತಂದೆಯ ಮನೆಯಲ್ಲೇ ಹಿರಿಯರು ಬಾಸೆಲ್ ಮಿಷನ್, ಇವರು ಸಿ.ಎಸ್.ಐ., ಮಕ್ಕಳು ಕಥೋಲಿಕ. ಇಂಥ ಮನೆಯವರಿಗೆ 'ಹುಟ್ಟಿದ ಸಭೆಯಲ್ಲೇ ಇರಿ' ಎಂದು ಬುದ್ಧಿ ಹೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ಮನಸ್ಸು ನೊಂದ ಹೊತ್ತಿನಲ್ಲಿ, ಗುಣವಾಗುವ ಆಸೆಯ ಬೆನ್ನು ಹತ್ತಿ ಮಾಡಿದ ಬದಲಾವಣೆ ಮಗು ಗುಣವಾಗದಿದ್ದಾಗ ಮುರಿದು ಬೀಳುತ್ತದೆ. ಆಗ ದೂರು ಮಗುವಿನ ಮೇಲೋ ತಾಯಿಯ 'ಅವಿಶ್ವಾಸ'ದ ಮೇಲೋ ಬರುತ್ತದೆ. ತಡೆಯಬೇಕಾಗಿದ್ದದ್ದು ಅದನ್ನು.

ಧರ್ಮಸಭೆಯ ಕಾನೂನಿನ ಗೊಡವೆ ಆಪ್ತಸಲಹೆಗಾರರಿಗೆ ಯಾಕೆ ಎಂದು ಕೇಳುವವರೂ ಇದ್ದಾರೆ. ಕಾನೂನೇ ತಮ್ಮ ಮಗನಿಗೆ ವಿರೋಧವಿದೆ ಎಂದು ಈ ಅಪ್ಪ ಅಮ್ಮ ನಂಬಿದ್ದರು, ಅದಕ್ಕೆ. ಅದು ಹಾಗಿಲ್ಲ. 1983ರ ಕಥೋಲಿಕ ಕಾನೂನು ಸಂಹಿತೆಯ 913ನೇ ವಿಧಿ ಮಕ್ಕಳಿಗೆ ಅವರವರ ಶಕ್ತಿಗೆ ತಕ್ಕಷ್ಟು ತಿಳಿವಳಿಕೆಯನ್ನೇ ಕೇಳುತ್ತದೆ. ಜಪ ಬಾಯಿಪಾಠ ಬರಬೇಕೆಂದು ಅಲ್ಲಿ ಎಲ್ಲೂ ಇಲ್ಲ. 777ನೇ ವಿಧಿ ದೈಹಿಕ, ಮಾನಸಿಕ ತೊಂದರೆ ಇರುವವರಿಗೂ ಧರ್ಮೋಪದೇಶ ಸಿಗುವಂತೆ ನೋಡಿಕೊಳ್ಳುವ ಹೊಣೆಯನ್ನು ಧರ್ಮಕೇಂದ್ರದ ಗುರುಗಳ ಮೇಲೇ ಹಾಕುತ್ತದೆ. ಪೋಪ್ ಹದಿನಾರನೇ ಬೆನೆಡಿಕ್ಟರು 2007ರ ಬೋಧನಾ ಪತ್ರದಲ್ಲಿ ಬೌದ್ಧಿಕ ತೊಂದರೆ ಇರುವವರಿಗೂ ಸಾಧ್ಯವಿದ್ದಲ್ಲೆಲ್ಲ ಪರಮಪ್ರಸಾದ ಸಿಗಬೇಕು, ಅವರು ಅದನ್ನು ಕುಟುಂಬದ ಅಥವಾ ಸಮುದಾಯದ ವಿಶ್ವಾಸದಲ್ಲಿ ಪಡೆಯುತ್ತಾರೆ ಎಂದರು. ಪ್ರಸಾದ ಬೇರೆ, ತಿಂಡಿ ಬೇರೆ ಎಂಬುದನ್ನು ಮಾತಿನಲ್ಲೇ ಹೇಳಬೇಕಿಲ್ಲ, ಹಾವಭಾವದಲ್ಲಿ, ಸುಮ್ಮನಿರುವ ರೀತಿಯಲ್ಲಿ ತೋರಿದರೂ ಸಾಕೆಂದು ಅಮೆರಿಕದ ಬಿಷಪರು 1995ರಲ್ಲೇ ಮಾರ್ಗಸೂಚಿ ಕೊಟ್ಟಿದ್ದಾರೆ. ತಾಯಿ ಇವನ್ನೆಲ್ಲ ಕಾಗದದಲ್ಲಿ ಬರೆದುಕೊಂಡು ಗುರುಗಳ ಹತ್ತಿರ ಹೋದರು, ಜಗಳಕ್ಕಲ್ಲ. ಗುರುಗಳು ಹೊಸಬರು, ಆಗಲಿ ಎಂದರು.

ಆಗಲಿ ಎಂದ ಮೇಲಿನ ಕೆಲಸವೇ ಹೆಚ್ಚು. ಹುಡುಗ ಗುಂಯ್‌ಗುಡುವುದು ಹಠಕ್ಕಲ್ಲ, ಕಿವಿಗೆ ಬಡಿಯುವ ಸದ್ದನ್ನು ಮುಚ್ಚಲು. ಅವನು ಕೂರುತ್ತಿದ್ದ ಜಾಗದ ತಲೆಯ ಮೇಲೇ ಸ್ಪೀಕರ್ ಇತ್ತು. ಗಂಟೆ ಮುನ್ಸೂಚನೆ ಇಲ್ಲದೆ ಬಾರಿಸುತ್ತಿತ್ತು. ಆಟಿ ಮಳೆ ಶೀಟಿನ ಮಾಡಿಗೆ ಹೊಡೆಯುವಾಗ ದೊಡ್ಡವರಿಗೇ ಕಿವಿ ಕೇಳದು. ಆದ್ದರಿಂದ ಮಳೆಗಾಲದಲ್ಲಿ ಶುರು ಮಾಡಬೇಡಿ ಎಂದೆ. ಮಳೆ ಬಿಟ್ಟ ಮೇಲೆ, ಜನ ಕಮ್ಮಿ ಇರುವ ವಾರದ ದಿನದ ಬೆಳಗಿನ ಪೂಜೆಗೆ, ಸ್ಪೀಕರಿನಿಂದ ದೂರ, ಬಾಗಿಲ ಬದಿಯ ಬೆಂಚಿನ ತುದಿಗೆ. ಮೊದಲು ಹತ್ತು ನಿಮಿಷ ಕೂತು ಅವನು ಚೆನ್ನಾಗಿರುವಾಗಲೇ ಹೊರಡಬೇಕು. ಕೂಗಿದ ಮೇಲೆ ಹೊರಟರೆ ಕೂಗಿದರೆ ಹೊರಗೆ ಹೋಗಬಹುದೆಂದು ಕಲಿಯುತ್ತಾನೆ. ಒಂದು ಹಂತ ಒಗ್ಗಿದ ಮೇಲೆ ಇನ್ನೈದು ನಿಮಿಷ ಸೇರಿಸಿ. ಪೂಜೆಯ ಭಾಗಗಳನ್ನು ಫೋಟೋ ತೆಗೆದು ಕ್ರಮವಾಗಿ ಕಾರ್ಡು ಮಾಡಿ: ಶಿಲುಬೆ ಗುರುತು, ಕೂರುವುದು, ಗಂಟೆ, ಸಾಲು, ರೊಟ್ಟಿ, ಮನೆ. ಮುಗಿದದ್ದನ್ನು ಅವನ ಕೈಯಲ್ಲೇ ತಿರುಗಿಸಲಿ. ಗಂಟೆಯ ಕಾರ್ಡು ಬಂದಾಗ ಕಿವಿಗೆ ಹೆಡ್‌ಫೋನ್.

ರೊಟ್ಟಿಯದೇ ಬೇರೆ ಕಷ್ಟ. ತೆಳ್ಳಗಿನ ಓಸ್ತಿ (ಪರಮಪ್ರಸಾದದ ಬಿಲ್ಲೆಯಂಥ ರೊಟ್ಟಿ) ಅಂಗುಳಕ್ಕೆ ಅಂಟುತ್ತದೆ, ಇಂಥ ಮಕ್ಕಳು ಉಗುಳಿಬಿಡುತ್ತಾರೆ, ಅದನ್ನು ನೋಡಿದವರು ಅವಮಾನವೆಂದು ತಿಳಿಯುತ್ತಾರೆ. ಆಶೀರ್ವದಿಸದ ಓಸ್ತಿಗಳನ್ನು ಗುರುಗಳಿಂದ ಕೇಳಿ ತಂದು ಮನೆಯಲ್ಲಿ ಅಭ್ಯಾಸ ಮಾಡಿಸಿ. ಮೊದಲು ಉಗುರಿನಷ್ಟು ಚೂರು, ಹಿಂದೆಯೇ ಒಂದು ಗುಟುಕು ನೀರು. ದೇವಾಲಯದಲ್ಲೂ ಚೂರೇ ಸಾಕು, ಸಣ್ಣ ಚೂರಿನಲ್ಲೂ ಕ್ರಿಸ್ತ ಪೂರ್ಣವಾಗಿ ಇದ್ದಾರೆಂಬುದು ಧರ್ಮಸಭೆಯ ಬೋಧನೆ. ಗಟ್ಟಿ ನುಂಗಲು ಆಗದವರಿಗೆ ದ್ರಾಕ್ಷಾರಸ ಮಾತ್ರ ಕೊಡಲು 925ನೇ ವಿಧಿಯಲ್ಲಿ ಅವಕಾಶವಿದೆ. ಕೊಡುವವರು ಯಾವಾಗಲೂ ಒಬ್ಬರೇ ಆಗಿದ್ದರೆ, ಅಂದರೆ ಅದೇ ಗುರು ಅಥವಾ ಅದೇ ಸಿಸ್ಟರ್ ಆಗಿದ್ದರೆ, ಅರ್ಧ ಕಷ್ಟ ಕಮ್ಮಿ.

ಮೊದಲ ಪರಮಪ್ರಸಾದ ಬೇಸಿಗೆಯ ಒಂದು ವಾರದ ದಿನ ಬೆಳಗ್ಗೆ ಆಯಿತು. ಬೇರೆ ಮಕ್ಕಳ ಜೊತೆ ಭಾನುವಾರ ಆಗಲೆಂದು ತಾಯಿಗೆ ಆಸೆ ಇತ್ತು, ಆ ಆಸೆ ನ್ಯಾಯವಾದದ್ದೇ. ಆದರೆ ಪಟಾಕಿ, ಬ್ಯಾಂಡು, ಫೋಟೋದವರ ಬೆಳಕಿನ ನಡುವೆ ಅವನು ಒಂದು ನಿಮಿಷ ನಿಲ್ಲುತ್ತಿರಲಿಲ್ಲ.

ಪಾಸ್ಟರ್ ಕೊಟ್ಟ ಉತ್ತರವನ್ನೂ ಹೇಳಬೇಕು. ಮಾತ್ರೆ ನಿಲ್ಲಿಸಬಾರದೆಂದು ಅವರು ಸಭೆಯ ಮುಂದೆಯೇ ಹೇಳಿದರು. ಎಷ್ಟೋ ಪಾಸ್ಟರುಗಳು ಹೀಗೇ ಹೇಳುತ್ತಾರೆ, ಅದು ಸುದ್ದಿಯಾಗುವುದಿಲ್ಲ. ಹುಡುಗನಿಗೆ ಮುಳುಗು ಸ್ನಾನ ಕೊಡಲು ತಮ್ಮ ಬೋಧನೆ ಒಪ್ಪುವುದಿಲ್ಲ, ಅವನು ದೇವರ ಮಗು, ತಲೆಮೇಲೆ ಕೈಯಿಟ್ಟು ಆಶೀರ್ವದಿಸುತ್ತೇವೆ ಎಂದರು. ನೇರವಾದ ಉತ್ತರ.

ತಂದೆ ಈಗಲೂ ಶುಕ್ರವಾರ ಅಲ್ಲಿಗೆ ಹೋಗುತ್ತಾರೆ, ಹೋಗಬೇಡಿ ಎಂದು ನಾನು ಹೇಳಿಲ್ಲ. ಅವರೊಬ್ಬರೇ ಮುಳುಗು ಸ್ನಾನ ಪಡೆದರೂ ಮದುವೆಗೆ, ಮಕ್ಕಳ ದೀಕ್ಷಾಸ್ನಾನಕ್ಕೆ ಏನೂ ಆಗುವುದಿಲ್ಲ ಎಂಬುದನ್ನು ಇಬ್ಬರಿಗೂ ಬಿಡಿಸಿ ಹೇಳಿದ್ದೇನೆ. ಆ ಭಯವನ್ನು ಯಾರೂ ಅಸ್ತ್ರ ಮಾಡಿಕೊಳ್ಳಬಾರದು. ತಾಯಿ ತಾನು ತೆಗೆದುಕೊಳ್ಳುವುದಿಲ್ಲ ಎಂದಿದ್ದಾರೆ, ಗಂಡ ಒಪ್ಪಿದ್ದಾರೆ. ಭಾನುವಾರ ಬೆಂಚಿನಲ್ಲಿ ಈಗ ತಂದೆ ಒಬ್ಬರೇ ಉಳಿಯುತ್ತಾರೆ. ಸಾವಿನ ಅಪಾಯದಂಥ ಅಪರೂಪದ ಸಂದರ್ಭ ಬಿಟ್ಟರೆ ಸಿ.ಎಸ್.ಐ.ಯಂಥ ಪ್ರೊಟೆಸ್ಟಂಟ್ ಸಭೆಯವರಿಗೆ ಪರಮಪ್ರಸಾದ ಕೊಡಲು 844ನೇ ವಿಧಿ ಬಿಡುವುದಿಲ್ಲ. ಅದಕ್ಕೆ ನನ್ನ ಹತ್ತಿರ ಉಪಾಯವಿಲ್ಲ, ಇದೆಯೆಂದು ಅವರಿಗೆ ಹೇಳಲೂ ಇಲ್ಲ. ಮಗನನ್ನು ಸಾಲಿನಲ್ಲಿ ಕೈಹಿಡಿದು ಕರೆದೊಯ್ಯುವವರು ನೀವೇ ಆಗಿ, ಎದೆಗೆ ಕೈಕಟ್ಟಿ ನಿಂತರೆ ಗುರುಗಳು ಆಶೀರ್ವಾದ ಮಾಡಬಹುದು, ಮೊದಲೇ ಕೇಳಿಡಿ ಎಂದಷ್ಟೇ ಹೇಳಿದೆ. ಅವರು ಯೋಚಿಸುತ್ತೇನೆ ಎಂದಿದ್ದಾರೆ.