ಹೇಮಾವತೀಲಿ ಸಿಕ್ಕಿದ್ದು ಬಿಳಿಮೀನಾ? ಬಣ್ಣ ಬಿಟ್ಟು ಬೇರೆ ನೋಡಿ

ಅಣ್ಣ, ಸಕಲೇಶಪುರದ ಕೆಳಗೆ ಹೇಮಾವತೀಲಿ ಗಾಳಕ್ಕೆ ಬಿದ್ದ ಮೀನಿನ ಫೋಟೋ ಹಾಕಿ, ರೆಕ್ಕೆ ಕೆಂಪಗಿದೆ ಇದು ಒರಿಜಿನಲ್ ಬಿಳಿಮೀನೇ, ಅಂದ್ರೆ ಮಹಶೀರೇ ಅಲ್ವಾ ಅಂತ ಕೇಳಿದೀರ, ಕೆಳಗೆ ತುಂಬ ಜನ ಹೌದು ಹೌದು ಅಂದುಬಿಟ್ಟಿದಾರೆ. ಆ ಫೋಟೋ ನೋಡಿ ಹೇಳಕ್ಕಾಗಲ್ಲ. ಮೀನು ಹುಲ್ಲಿನ ಮೇಲಿದೆ, ಮೇಲಿಂದ ತೆಗ್ದಿದೀರ, ಬೆನ್ನಿನ ರೆಕ್ಕೆ ಮಡಚ್ಕೊಂಡಿದೆ, ಬಾಯಿ ಕಾಣ್ತಾನೇ ಇಲ್ಲ.

ಕೆಂಪು ರೆಕ್ಕೆ ಒಂದನ್ನೇ ನಂಬಬೇಡಿ. ಗೊರೂರು ಹಿನ್ನೀರಲ್ಲಿ ಸಿಗೋ ಕಾಮನ್ ಕಾರ್ಪ್ ಅನ್ನೋ ಗೆಂಡೆ ಮೀನಿಗೂ ಬಾಲ, ಕೆಳಗಿನ ರೆಕ್ಕೆ ಕೆಂಪಗಿರುತ್ತೆ, ಮೈ ಚಿನ್ನದ ಥರ ಹೊಳೆಯುತ್ತೆ. ಮೀಸೆ ನೋಡಿದ್ರೂ ಆಗಲ್ಲ, ಎರಡಕ್ಕೂ ಎರಡೆರಡು ಜೊತೆ ಮೀಸೆ ಇದೆ. ಬೆನ್ನಿನ ರೆಕ್ಕೆ ಬಿಡಿಸಿ ನೋಡಿ. ಕಾರ್ಪ್‌ಗೆ ಅದು ಬೆನ್ನಿನ ನಡುವಿಂದ ಬಾಲದ ಹತ್ರದವರೆಗೂ ಉದ್ದಕ್ಕೆ ಹೋಗುತ್ತೆ, ಬಿಳಿಮೀನಿಗೆ ಗಿಡ್ಡ, ಬುಡ ಚಿಕ್ಕದು. ಆ ರೆಕ್ಕೆಯ ಮುಂದಿನ ಗಟ್ಟಿ ಮುಳ್ಳಿನ ಹಿಂಭಾಗ ಬೆರಳಲ್ಲಿ ಮೆತ್ತಗೆ ಸವರಿ, ಗರಗಸದ ಹಲ್ಲಿನ ಥರ ಸಿಕ್ಕಿದ್ರೆ ಕಾರ್ಪ್, ನುಣ್ಣಗಿದ್ರೆ ಬಿಳಿಮೀನು ಇರಬಹುದು. ಆಮೇಲೆ ಹುರುಪೆ. ಕಿವಿರಿನ ಮುಚ್ಚಳದಿಂದ ಬಾಲದವರೆಗೆ ಪಕ್ಕದ ಗೆರೆ ಹಿಡ್ದು ಎಣಿಸಿದ್ರೆ ಮಹಶೀರ್‌ಗೆ 25ರ ಆಸುಪಾಸು ಬರುತ್ತೆ, ಅಷ್ಟು ದೊಡ್ಡ ದೊಡ್ಡ ಹುರುಪೆ, ಕಾರ್ಪ್‌ಗೆ 35ರ ಮೇಲೆ, ರೋಹುಗೆ 40 ದಾಟುತ್ತೆ. ದಡದಲ್ಲಿ ಎಣಿಸ್ತಾ ಕೂರಬೇಡಿ ಮತ್ತೆ, ಫೋಟೋ ಚೆನ್ನಾಗಿದ್ರೆ ಮನೇಲಿ ಕೂತು ಎಣಿಸಬಹುದು.

ಮಹಶೀರ್ ಅಂತ ಗ್ಯಾರಂಟಿ ಆಯ್ತು ಅಂದ್ಕೊಳ್ಳಿ, ಯಾವ ಮಹಶೀರ್ ಅನ್ನೋದೇ ದೊಡ್ಡ ವಿಷಯ. ನಮ್ಮ ಕಾವೇರಿ ಜಲಾನಯನದ್ದೇ ಆದ ಗೂನುಬೆನ್ನಿನ ಮಹಶೀರ್ ಬೇರೆ, ಅದು ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ. 1946ರಲ್ಲಿ ಕಾವೇರಿಯ ಉಪನದಿ ಕಬಿನೀಲಿ ಮೈಸೂರಿನ ವ್ಯಾನ್ ಇಂಗೆನ್ ಹಿಡಿದ 120 ಪೌಂಡಿನದು, ಅಂದ್ರೆ ಸುಮಾರು 54 ಕೆಜಿ, ಈ ಜಾತೀದೇ. ಇಷ್ಟು ಹೆಸರಾದ ಮೀನು ಟಾರ್ ರೆಮಾದೇವಿ ಅಂತ ವಿಜ್ಞಾನಿಗಳು ಗುರುತಿಸಿದ್ದು 2018ರಲ್ಲಿ, ಅದೇ ವರ್ಷ ಅಳಿಯೋ ಜೀವಿಗಳ ಪಟ್ಟಿ ಮಾಡೋ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಅದನ್ನ ಅಳಿವಿನ ತೀರಾ ಅಂಚಲ್ಲಿರೋ ಪಟ್ಟಿಗೆ ಸೇರಿಸ್ತು. ಇನ್ನೊಂದು ಟಾರ್ ಖುದ್ರಿ, ನೀಲಿ ರೆಕ್ಕೆಯದು, ಕೃಷ್ಣಾ ಕಡೆಯ ನದಿಗಳದ್ದು, ಲೋನಾವಳದ ಟಾಟಾ ಹ್ಯಾಚರೀಲಿ ಮರಿ ಮಾಡಿ ಕಾವೇರಿಗೂ ಬಿಟ್ರು, ಈಗ ಅದೇ ಜಾಸ್ತಿ.

ಗುರುತು ಹಿಡಿಯೋದು ತಲೆಯ ಹಿಂದೆ. ಕಿವಿರಿನ ಮೇಲ್ತುದಿಯಿಂದ ಬೆನ್ನಿನ ರೆಕ್ಕೆ ಶುರುವಾಗೋ ತನಕ ಗೆರೆ ನೋಡಿ, ಗೂನುಬೆನ್ನಿನದಕ್ಕೆ ಅಲ್ಲಿ ತಟ್ಟನೆ ಮೇಲೆದ್ದು ಗೂನು ಕಾಣುತ್ತೆ, ಖುದ್ರಿಗೆ ಸಲೀಸಾಗಿ ಬಾಗಿರುತ್ತೆ. ಕಿತ್ತಳೆ ರೆಕ್ಕೆ ಇದರ ಜೊತೆಗೆ ಇದ್ರೆ ಲೆಕ್ಕಕ್ಕೆ ಬರುತ್ತೆ. ಸಣ್ಣ ಮೀನಲ್ಲಿ ಗೂನು ಎದ್ದು ಕಾಣಲ್ಲ, ಮರಿ ನೋಡಿ ತೀರ್ಪು ಕೊಡಬೇಡಿ.

ನದಿ ಯಾವುದು ಅನ್ನೋದೂ ಸುಳಿವು. ಮೂಡಿಗೆರೆ ಕಡೆ ಹುಟ್ಟೋ ಹೇಮಾವತಿ, ಚಿಕ್ಕಮಗಳೂರಿನ ಯಗಚಿ ಎರಡೂ ಕಾವೇರಿಗೆ ಹೋಗ್ತವೆ, ಆದ್ರೆ ತುಂಗಾ ಭದ್ರಾ ಕೃಷ್ಣಾ ಕಡೆಗೆ. ಅದಕ್ಕೇ ಕೊಪ್ಪ, ಬಾಳೆಹೊನ್ನೂರು ಕಡೆಯವರು ಗೂನುಬೆನ್ನಿನದು ಸಿಕ್ತು ಅಂದ್ರೆ ನಾನು ನಂಬಲ್ಲ. ಕಣ್ಣು ಪಳಗಬೇಕು ಅಂದ್ರೆ ಶೃಂಗೇರಿ, ರಾಮನಾಥಪುರದಲ್ಲಿ ದೇವರ ಮೀನು ಅಂತ ಯಾರೂ ಹಿಡಿಯದ ಮಹಶೀರ್ ಇವೆ, ಪುರಿ ಹಾಕಿ ಅರ್ಧ ಗಂಟೆ ನಿಂತು ಬೆನ್ನಿನ ರೆಕ್ಕೆ ಮಾತ್ರ ನೋಡಿ ಬನ್ನಿ.

ಮತ್ತೆ ಸಿಕ್ಕಿದ್ರೆ ದಯವಿಟ್ಟು ಹುಲ್ಲಿನ ಮೇಲೆ ಹಾಕಬೇಡಿ. ಕೈ ಒದ್ದೆ ಮಾಡ್ಕೊಂಡು ನೀರಲ್ಲೇ ಹಿಡಿದಿರಿ, ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ, ತುದೀಲಿ ಹಿಂಮುಳ್ಳಿಲ್ಲದ ಗಾಳ ಆದ್ರೆ ಬಿಡಿಸೋದೂ ಸುಲಭ. ಒಬ್ರು ಮೀನನ್ನ ಪಕ್ಕಕ್ಕೆ ತಿರುಗಿಸಿ ಬೆನ್ನಿನ ರೆಕ್ಕೆ ಎತ್ತಿ ಹಿಡೀಲಿ, ಇನ್ನೊಬ್ರು ನೇರ ಎದುರಿಂದ ಒಂದು ಪೂರ್ತಿ ಫೋಟೋ, ಒಂದು ಬಾಯಿಂದು, ಅಷ್ಟೇ. ಆಮೇಲೆ ಹರಿವಿಗೆ ಮುಖ ಮಾಡಿ ಹಿಡ್ಕೊಳ್ಳಿ, ತಾನೇ ಒದ್ಕೊಂಡು ಹೋಗೋ ತನಕ. ಗೂನುಬೆನ್ನಿನದು ಅಂತ ಅನ್ನಿಸಿದ್ರೆ ಗುಂಪಿಗೆ ನದಿ ಹೆಸರು ಹಾಕಿ ಸಾಕು, ಮಡು ಯಾವುದು ಅಂತ ಬರೀಬೇಡಿ, ತೋಟೆ ಸಿಡಿಸಿ ಮೀನು ಹಿಡಿಯೋರು ಇಲ್ಲೂ ಓದ್ತಾರೆ. ಆ ದಿನದ ಬೇರೆ ಫೋಟೋ ಪಕ್ಕದಿಂದ ತೆಗ್ದಿದ್ದು ಇದ್ರೆ ಹಾಕಿ ಅಣ್ಣ, ಹುರುಪೆ ನಾನೇ ಎಣಿಸಿ ಹೇಳ್ತೀನಿ.