ಮುಂಬೈಗೆ ಬಂದ ಮೇಲೆ ಕರ್ನಾಟಕದ ಸಿಮ್ ಬದಲಾಯಿಸಲೇಬೇಕಾ?

ಬೇಡ. ಊರಿನ ನಂಬರನ್ನೇ ಇಲ್ಲೂ ಇಟ್ಟುಕೊಳ್ಳಿ, ಬಿಲ್ಲಿನಲ್ಲಿ ವ್ಯತ್ಯಾಸ ಬರುವುದಿಲ್ಲ.

ಈ ಭಯ ಹಳೇ ಕಾಲದ್ದು. ಮೊಬೈಲ್ ಲೈಸೆನ್ಸ್‌ಗಾಗಿ ದೇಶವನ್ನು 22 ಸರ್ಕಲ್‌ಗಳಾಗಿ, ಅಂದರೆ ಸೇವಾ ವಲಯಗಳಾಗಿ, ಹಂಚಿದ್ದಾರೆ. ಕರ್ನಾಟಕ ಒಂದು ಸರ್ಕಲ್. ಮುಂಬೈಯದೇ ಇನ್ನೊಂದು, ನವಿ ಮುಂಬೈ, ಕಲ್ಯಾಣ ಕೂಡ ಅದರಲ್ಲೇ. ತಮಾಷೆ ಅಂದ್ರೆ ಪುಣೆ ಮುಂಬೈ ಸರ್ಕಲ್‌ನಲ್ಲಿಲ್ಲ, ಗೋವಾ ಜೊತೆ ಮಹಾರಾಷ್ಟ್ರ ಸರ್ಕಲ್‌ನಲ್ಲಿದೆ. ಮೊದಲು ಸರ್ಕಲ್ ದಾಟಿದರೆ ರೋಮಿಂಗ್ ಚಾರ್ಜ್ ಬೀಳುತ್ತಿತ್ತು, ಬರುವ ಕಾಲ್‌ಗೂ ದುಡ್ಡು! ಈಗಿನ ಅನ್‌ಲಿಮಿಟೆಡ್ ಪ್ಲಾನ್‌ಗಳಲ್ಲಿ ದೇಶದೊಳಗಿನ ರೋಮಿಂಗ್ ಸೇರಿಯೇ ಇರುತ್ತದೆ. ರೀಚಾರ್ಜ್ ಆಪ್‌ನಲ್ಲಿ ಸಿಮ್‌ನ ಸರ್ಕಲ್ 'ಕರ್ನಾಟಕ' ಅಂತಲೇ ಇರಲಿ. ಪ್ಲಾನ್ ಸಿಗುವುದು ಸಿಮ್‌ನ ಸರ್ಕಲ್ ನೋಡಿ, ನೀವಿರುವ ಜಾಗ ನೋಡಿ ಅಲ್ಲ.

ಹಾಗಾದ್ರೆ ಯಾವಾಗ ಬದಲಾಯಿಸಬೇಕು? ನಿಮ್ಮ ಮನೆಯಲ್ಲಿ ಆ ಕಂಪನಿಯ ಸಿಗ್ನಲ್ ಸಿಗದಿದ್ದರೆ. ಒತ್ತೊತ್ತಾದ ಕಟ್ಟಡಗಳ ನಡುವಿನ ಕೆಳಮಹಡಿಯಲ್ಲಿ ಇದು ಸಾಮಾನ್ಯ. ಆಗಲೂ ಹೊಸ ನಂಬರ್ ಬೇಡ, ಪೋರ್ಟ್ ಮಾಡಿಸಿ, ಅಂದರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಮಾತ್ರ ಬದಲಾಯಿಸಿ. 2015ರ ಜುಲೈನಿಂದ ಸರ್ಕಲ್ ದಾಟಿಯೂ ಅದೇ ನಂಬರ್ ಒಯ್ಯಬಹುದು. ಪೋರ್ಟ್ ಅಂತ ಇಂಗ್ಲಿಷಿನಲ್ಲಿ ಬರೆದು, ಜಾಗ ಬಿಟ್ಟು ನಿಮ್ಮ ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿ. ಬರುವ ಕೋಡ್ 4 ದಿನ ನಡೆಯುತ್ತದೆ. ಅಷ್ಟರೊಳಗೆ ಆಧಾರ್ ಹಿಡಿದು ಹೊಸ ಕಂಪನಿಯ ಅಂಗಡಿಗೆ ಹೋಗಿ. ಸರ್ಕಲ್ ಬದಲಾಗುವುದರಿಂದ 5 ಕೆಲಸದ ದಿನ ಹಿಡಿಯಬಹುದು. ಅಲ್ಲಿಯವರೆಗೆ ಹಳೇ ಸಿಮ್ ತೆಗೆಯಬೇಡಿ, ಬ್ಯಾಂಕಿನ ಓಟಿಪಿ ಅದಕ್ಕೇ ಬರುತ್ತಿರುತ್ತದೆ.