ಗ್ರೀಕರ ಬೆಳ್ಳಿ ನಾಣ್ಯ ಕೊಳ್ಳುವಷ್ಟು ದುಡ್ಡಿಲ್ಲ. ಕಂಚಿನ ನಾಣ್ಯ ಕೂಡಿಟ್ಟರೆ ಏನಾದರೂ ಅರ್ಥ ಇದೆಯಾ?

ಖಂಡಿತ ಇದೆ. ನನ್ನ ಹತ್ತಿರ ಇರುವುದೆಲ್ಲ ಕಂಚೇ. ಅಥೆನ್ಸಿನ ಗೂಬೆ ಇರುವ ಬೆಳ್ಳಿ ನಾಣ್ಯದ ಬೆಲೆ ಕೇಳಿ ನಾನೂ ನಿಮ್ಮ ಹಾಗೇ ಸುಮ್ಮನಾದವನು.

ಬೆಳ್ಳಿ ಸೈನಿಕರ ಸಂಬಳಕ್ಕೆ, ದೂರದ ವ್ಯಾಪಾರಕ್ಕೆ. ಕಂಚು ಸಂತೆಯ ಚಿಲ್ಲರೆ. ಕಂಚು ಬರುವ ಮೊದಲು ಚಿಲ್ಲರೆಯೂ ಬೆಳ್ಳಿಯದೇ ಇತ್ತು, ಎಷ್ಟು ಪುಟ್ಟದು ಅಂದರೆ ಅಥೆನ್ಸಿನ ಜನ ಅದನ್ನು ಬಾಯಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಆ ಕಾಲದ ನಾಟಕಗಳಲ್ಲೇ ಈ ಮಾತು ಬರುತ್ತದೆ. ಆಮೇಲೆ ಕಂಚು ಬಂತು: ಖಾಲ್ಕೊಸ್ ಅಂದರೆ ಕಂಚಿನ ಚಿಲ್ಲರೆ, ಒಬೊಲ್ ಮತ್ತು ದ್ರಾಖ್ಮಾ ಬೆಳ್ಳಿಯವು. 8 ಖಾಲ್ಕೊಸ್‌ಗೆ 1 ಒಬೊಲ್, 6 ಒಬೊಲ್‌ಗೆ 1 ದ್ರಾಖ್ಮಾ.

ಕಂಚಿನ ನಾಣ್ಯದ ಲೋಹಕ್ಕೆ ಅಷ್ಟು ಬೆಲೆ ಇರಲಿಲ್ಲ. ಊರು ಹೇಳಿದ್ದೇ ಬೆಲೆ. ಹಾಗಾಗಿ ಅದು ಹೆಚ್ಚಾಗಿ ಊರ ಸುತ್ತಮುತ್ತಲೇ ಓಡುತ್ತಿತ್ತು. ಸೆಸ್ಟೊಸ್ ಅನ್ನುವ ಊರಿನ ಕ್ರಿ.ಪೂ. 2ನೇ ಶತಮಾನದ ಶಾಸನದಲ್ಲಿ ತಮ್ಮದೇ ಕಂಚಿನ ನಾಣ್ಯ ಯಾಕೆ ಬೇಕು ಅಂತ ನೇರವಾಗಿ ಬರೆದಿದ್ದಾರೆ: ಊರಿನ ಗುರುತು ಚಲಾವಣೆಯಲ್ಲಿರಲಿ, ಬರುವ ಲಾಭ ಊರಿನವರಿಗೇ ಸಿಗಲಿ. ಎಷ್ಟು ಪ್ರಾಮಾಣಿಕ ಸರ್ಕಾರ ಅಲ್ವಾ!

ಶುರುವಿಗೆ ಸಿಸಿಲಿಯ ಸಿರಾಕ್ಯೂಸ್‌ನ ರಾಜ ಎರಡನೇ ಹಿಯೆರಾನ್ ಹೊಡೆಸಿದ ನಾಣ್ಯ ನೋಡಿ. ಇದು ಸಾಕಷ್ಟು ಸಿಗುತ್ತದೆ. ಒಂದು ಬದಿ ಸಮುದ್ರದೇವರು ಪೊಸೈಡನ್. ಇನ್ನೊಂದು ಬದಿ ತ್ರಿಶೂಲ. (ನಮ್ಮಮ್ಮ ನೋಡಿದ ತಕ್ಷಣ "ಶಿವನದಾ?" ಅಂದಿದ್ದರು.) ತ್ರಿಶೂಲದ ಆಚೆ ಈಚೆ ರಾಜನ ಹೆಸರು ಅರ್ಧರ್ಧ: ಎಡಕ್ಕೆ "ಹಿಯೆರೊ", ಬಲಕ್ಕೆ "ನೊಸ್". ಅಂದರೆ "ಹಿಯೆರಾನನದು". ಆರ್ಕಿಮಿಡೀಸ್ ಬದುಕಿದ್ದು ಇದೇ ಊರಲ್ಲಿ, ಇದೇ ರಾಜನ ಕಾಲದಲ್ಲಿ. ರಾಜ ಕ್ರಿ.ಪೂ. 215ರಲ್ಲಿ ತೀರಿಕೊಂಡ. 212ರಲ್ಲಿ ರೋಮನ್ನರು ಊರು ಹಿಡಿದಾಗ ಆರ್ಕಿಮಿಡೀಸ್‌ನೂ ಅವರ ಕೈಯಲ್ಲಿ ಸತ್ತ. ಅವನ ಕೈಯಲ್ಲೂ ಇಂಥ ಚಿಲ್ಲರೆ ಓಡಾಡಿರುತ್ತದೆ ಅಂದುಕೊಂಡರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ತಪ್ಪು ಮಾತ್ರ ಮಾಡಬೇಡಿ. ನನ್ನ ಮೊದಲ ನಾಣ್ಯವನ್ನು ತಾಮ್ರದ ಚೊಂಬು ಬೆಳಗುವ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಿದೆ. ಹಸಿರು ಹೋಯಿತು, ಜೊತೆಗೆ ಪೊಸೈಡನ್‌ನ ಗಡ್ಡವೂ ಹೋಯಿತು. ಉಳಿದದ್ದು ಬರೀ ಗುಲಾಬಿ ಬಣ್ಣದ ಬಿಲ್ಲೆ. ಗಟ್ಟಿಯಾದ, ನಯವಾದ ಹಸಿರು ಪದರವೇ ನಾಣ್ಯದ ಕವಚ, ಅದನ್ನು ಮುಟ್ಟಬೇಡಿ. ಆದರೆ ಉಗುರು ತಾಕಿದರೆ ಉದುರುವ ತಿಳಿ ಹಸಿರು ಪುಡಿ ಕಂಡರೆ ಹುಷಾರು. ಅದು ಕ್ಲೋರೈಡ್ ಮತ್ತು ತೇವ ಸೇರಿ ಲೋಹವನ್ನು ತಿನ್ನುವ ರೋಗ. ಅಂಥದ್ದನ್ನು ಬೇರೆ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಕೊಳ್ಳುವಾಗ ಹಳೇ ರಸೀದಿ ಕೇಳಿ. ಮೊದಲು ಯಾರ ಹತ್ತಿರ ಇತ್ತು ಅಂತ ಹೇಳದವರ ಹತ್ತಿರ ಬೇಡ, ಕದ್ದು ಅಗೆದದ್ದೂ ಆಗಿರಬಹುದು. ನಮ್ಮಲ್ಲಂತೂ 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ನಾಣ್ಯ ಪುರಾತನ ವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ.

ನಾನು ಈಗ ಹುಡುಕುತ್ತಿರುವುದು ಭಾರತದ ವಾಯವ್ಯ ಭಾಗ ಆಳಿದ ಗ್ರೀಕ್ ರಾಜ ಮಿನಾಂಡರ್‌ನ ಚೌಕ ನಾಣ್ಯ. ಬೌದ್ಧರು ಮಿಲಿಂದ ಅಂತ ಕರೆದದ್ದು ಇವನನ್ನೇ. ಒಂದು ಬದಿ ಆನೆಯ ತಲೆ, ಸುತ್ತ ಗ್ರೀಕ್ ಅಕ್ಷರ. ಇನ್ನೊಂದು ಬದಿ ಗ್ರೀಕ್ ಪುರಾಣದ ವೀರ ಹೆರಾಕ್ಲೀಸ್‌ನ ಗದೆ, ಸುತ್ತ ಆ ಕಡೆಯ ಹಳೇ ಲಿಪಿ ಖರೋಷ್ಠಿಯಲ್ಲಿ "ಮಹಾರಜಸ", ಅಂದರೆ "ಮಹಾರಾಜನದು". ಅಕ್ಷರ ಸವೆಯದೇ ಇರುವುದು ಇನ್ನೂ ಸಿಕ್ಕಿಲ್ಲ.